ಗಂಧರಾಜದ ಮೇಲೆ ಸುಳ್ಳು ದೂರು

‘ಮೇಷ್ಟ್ರೇ, ನಮ್ಮ ಕಡೆಯ ಮಳೆ, ಚಳಿಗೆ ಗಂಧರಾಜ ಬರುವುದಿಲ್ಲ. ಮೂರನೆಯ ಗಿಡವೂ ಹೋಯಿತು’ ಎಂದು ಆಲೂರಿನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರಿದ. ಈ ಮಾತನ್ನು ನಾನು ಒಪ್ಪಲಾರೆ.

ಗಂಧರಾಜದ ತವರು ಚೀನಾ ಹಾಗೂ ದಕ್ಷಿಣ ಜಪಾನಿನ ಮಳೆಸೀಮೆ. ಅದು ಅಂಜುವುದು ನೀರು ಹೆಪ್ಪುಗಟ್ಟುವ ಚಳಿಗೆ, ಸಕಲೇಶಪುರದ ಮಂಜಿಗಲ್ಲ. ಸಸ್ಯಶಾಸ್ತ್ರಜ್ಞರು ಅದನ್ನೂ ಕಾಫಿಯನ್ನೂ ರೂಬಿಯೇಸಿ ಎಂಬ ಒಂದೇ ಕುಟುಂಬದಲ್ಲಿ ಇರಿಸಿದ್ದಾರೆ. ಎರಡಕ್ಕೂ ಒಗ್ಗುವುದು ಹುಳಿಮಣ್ಣು. ಕಾಫಿ ನಳನಳಿಸುವ ಬೆಟ್ಟದಲ್ಲಿ ಅದರ ದಾಯಾದಿ ಬದುಕದೆಂದರೆ ನಂಬುವವರಾರು?

ಕೊಲ್ಲುವವರು ನಾವೇ. ಸೂರಿನ ನೀರು ಬೀಳುವಲ್ಲಿ ನೆಡುತ್ತೇವೆ. ಮಳೆಗಾಲವಿಡೀ ನೀರು ನಿಂತು ಬೇರು ಕೊಳೆಯುತ್ತದೆ. ತೋಟಕ್ಕೆ ತಂದು ಮಿಕ್ಕ ಸುಣ್ಣವನ್ನು ಬುಡಕ್ಕೆ ಸುರಿಯುತ್ತೇವೆ. ಸುಣ್ಣ ಹೆಚ್ಚಾದರೆ ಬೇರಿಗೆ ಕಬ್ಬಿಣಾಂಶ ದಕ್ಕದು; ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ನನ್ನ ತಾಯಿ ನೆಟ್ಟಿದ್ದ ಗಿಡವನ್ನು ನಾನು ಕೊಂದದ್ದು ಹೀಗೆಯೇ. ಹಳದಿಗೆ ಮದ್ದೆಂದು ಮತ್ತಷ್ಟು ಸುಣ್ಣ ಹಾಕಿದ ಜಾಣ ನಾನು! ಅಮ್ಮ ಒಂದು ಮಾತೂ ಆಡಲಿಲ್ಲ. ಆ ಮೌನ ಇಂದಿಗೂ ಚುಚ್ಚುತ್ತದೆ.

ನೀರು ನಿಲ್ಲದ ದಿಣ್ಣೆಯಲ್ಲಿ, ಬೆಳಗಿನ ಬಿಸಿಲು ಬೀಳುವೆಡೆ ನೆಡಿ. ಬುಡಕ್ಕೆ ತರಗೆಲೆ ಹೊದಿಸಿ. ಹೂ ಮುಗಿದ ಮೇಲಷ್ಟೇ ಕೊಂಬೆ ಸವರಿ. ಅಂಗಳಕ್ಕೆಲ್ಲ ಸಿಮೆಂಟು ಬಳಿದು, ಬಾಗಿಲಿಗೆ ಪ್ಲಾಸ್ಟಿಕ್ ಹೂ ತೂಗುಹಾಕಿ, ‘ಹವೆ ಸರಿಯಿಲ್ಲ’ ಎನ್ನಬೇಡಿ.

ಕಲಿಸಲು ಬಾರದೆ ಮಗುವನ್ನೇ ದಡ್ಡನೆನ್ನುವ ಮೇಷ್ಟರ ತರ್ಕವದು. ತರಗತಿಯಲ್ಲಿ ಆ ತಪ್ಪನ್ನು ನಾನೂ ಮಾಡಿದ್ದೇನೆ. ಗಿಡದ ವಿಷಯದಲ್ಲಾದರೂ ನೀವು ಮಾಡದಿರಿ.