ಠಾಣೆಯಲ್ಲಿ ಸುಮ್ಮನಿರುವುದೂ ಹಕ್ಕೇ

ಬದುವಿನ ತಕರಾರಿರಲಿ, ಕಬ್ಬಿಗೆ ಬೆಂಕಿ ಬಿದ್ದ ದೂರಿರಲಿ, ಸಾವಳಗಿ ಸೀಮೆಯ ರೈತನಿಗೆ ಠಾಣೆಯಿಂದ ಕರೆ ಬಂದರೆ ಮನೆಯವರ ಬುದ್ಧಿಮಾತು ಒಂದೇ: ‘ಸಾಹೇಬ್ರು ಕೇಳಿದ್ದಕ್ಕೆಲ್ಲಾ ಹೂಂ ಅಂದ್ ಬರ್ರಿ.’ ಇದು ಅಪಾಯದ ಸಲಹೆ.

ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಕೂಡದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದಿತು; ಈ ರಕ್ಷಣೆ ತನಿಖೆಯ ಹಂತಕ್ಕೂ ಉಂಟು ಎಂದು ಸ್ಪಷ್ಟಪಡಿಸಿತು.

ಹಾಗೆಂದು ತನಿಖೆಗೆ ಅಡ್ಡಗಾಲು ಹಾಕುವುದಲ್ಲ. ಹೆಸರು, ವಿಳಾಸ ಹೇಳಬೇಕು; ಕಂಡದ್ದನ್ನು ನಿಜವಾಗಿ ಹೇಳಬೇಕು. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಮಾತ್ರ ಉತ್ತರಿಸದಿರಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 180. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಇಂಥ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಬಂಧಿತರು ವಿಚಾರಣೆ ವೇಳೆ ವಕೀಲರನ್ನು ಕಾಣಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಈ ನಾಲ್ಕು ಮಾತುಗಳನ್ನು ಠಾಣೆಯ ಬಾಗಿಲಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆಸಿದರೆ ಪೊಲೀಸರಿಗೆ ನಷ್ಟವೇನಿಲ್ಲ. ಹೆದರಿಸಿ ಪಡೆದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಹೇಗೂ ನಿಲ್ಲದು.