ಆರೋಗ್ಯ ವಿಚಾರ: ಮನೆಯೇ ಗರಡಿ

ಸಾಮು ಮಾಡುವುದು ಗಂಡಸರ ಕೆಲಸವೆಂದೂ ಗರಡಿಮನೆಗೆ ಹೋಗದೆ ಅದು ಸಾಧ್ಯವಿಲ್ಲವೆಂದೂ ಬಹುಮಂದಿ ಭಾವಿಸಿರುವರು. ಈ ಎರಡು ಭಾವನೆಗಳೂ ಸರಿಯಲ್ಲವೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಕಪ್ಪುವರ್ಣದ ಮಹಿಳೆಯರ ವಿಷಯದಿಂದ ತಿಳಿಯಬಹುದು.

ಅಲ್ಲಿಯ ಕಪ್ಪುವರ್ಣದ ವಯಸ್ಕ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತದ ಒತ್ತಡವು ಮಿತಿಮೀರಿರುವುದು. ಮಧುಮೇಹವೂ ಬಿಳಿಯ ಮಹಿಳೆಯರಿಗಿಂತ ಇವರಲ್ಲಿ ಅಧಿಕ. ಇದಕ್ಕೆ ಸೋಮಾರಿತನವೇ ಕಾರಣವೆನ್ನುವುದು ಅನ್ಯಾಯ. ಹೊರಗಣ ಉದ್ಯೋಗ, ಮಕ್ಕಳ ಪಾಲನೆ, ವೃದ್ಧರ ಶುಶ್ರೂಷೆ, ವ್ಯಾಯಾಮಶಾಲೆಯ ಶುಲ್ಕ, ಇವುಗಳ ನಡುವೆ ಬಿಡುವೆಲ್ಲಿ ಬಂದೀತು? ಕೇಶದ ಚಿಂತೆಯೂ ಉಂಟು. ಹಣವನ್ನೂ ಗಂಟೆಗಟ್ಟಲೆ ಕಾಲವನ್ನೂ ವೆಚ್ಚಮಾಡಿ ನೇರಗೊಳಿಸಿದ ಕೂದಲು ಬೆವರಿನಿಂದ ಕೆಡುವುದಷ್ಟೆ. ಇದು ಹಗುರವಾದ ಮಾತಲ್ಲ. ಆ ರಾಷ್ಟ್ರದ ಸರ್ಜನ್ ಜನರಲ್ ಪದವಿಯಲ್ಲಿದ್ದ, ಇದೇ ಜನಾಂಗದ ಡಾಕ್ಟರ್ ರೆಜಿನಾ ಬೆಂಜಮಿನ್ ಅವರು 2011ರಲ್ಲಿ ಅಟ್ಲಾಂಟಾ ನಗರದ ಕೇಶಾಲಂಕಾರ ಪ್ರದರ್ಶನಕ್ಕೇ ಹೋಗಿ, ಕೂದಲಿಗಾಗಿ ವ್ಯಾಯಾಮವನ್ನು ಬಿಡಬಾರದೆಂದು ಬೋಧಿಸಿದರು.

ಮನೆಯಲ್ಲಿಯೇ ಸಾಮು ಮಾಡಿದರೆ ಈ ಅಡ್ಡಿಗಳಲ್ಲಿ ಹಲವು ತಾವಾಗಿ ಸಡಿಲುವುವು. ಶುಲ್ಕವಿಲ್ಲ, ಪ್ರಯಾಣವಿಲ್ಲ; ನೋಡುವವರ ಸಂಕೋಚವಿಲ್ಲ; ತಲೆಗೆ ವಸ್ತ್ರ ಕಟ್ಟಿಕೊಂಡು, ಮಗು ಮಲಗಿರುವಾಗ ಮುಗಿಸಬಹುದು. ದುಡಿಯುವ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿ ಬಳಸುತ್ತವೆ, ಎಲುಬುಗಳು ಗಟ್ಟಿಯಾಗುತ್ತವೆ, ಅಭ್ಯಾಸವು ತಪ್ಪದೆ ನಡೆದಲ್ಲಿ ರಕ್ತದ ಒತ್ತಡವೂ ಕೊಂಚ ತಗ್ಗುವುದುಂಟು. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಂತಹ ಶ್ರಮದ ಜೊತೆಗೆ, ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸಬೇಕೆಂದು 2018ರ ಅಮೆರಿಕಾ ಸರ್ಕಾರದ ಸೂಚನೆಯು ಹೇಳುತ್ತದೆ.

ಕ್ರಮವು ಸುಲಭವಾದುದು. ಕುರ್ಚಿಯಿಂದ ಕೈಯೂರದೆ ಎದ್ದು ಮೆಲ್ಲನೆ ಕುಳಿತುಕೊಳ್ಳುವುದು. ಇದು ಬಸ್ಕಿಯ ಮೊದಲ ಪಾಠ. ಗೋಡೆಗೆ ಅಂಗೈಯೂರಿ ದೇಹವನ್ನು ಬಾಗಿಸಿ ಹಿಂದಕ್ಕೆ ತಳ್ಳುವುದು; ಇದು ದಂಡದ ಮೊದಲ ಪಾಠ. ನೀರು ತುಂಬಿದ ಎರಡು ಸೀಸೆಗಳನ್ನು ಹಿಡಿದು ಮೊಣಕೈ ಮಡಿಸಿ ಎತ್ತುವುದು ಮೂರನೆಯದು. ಒಂದೊಂದನ್ನೂ 8ರಿಂದ 12 ಬಾರಿ ಮಾಡಿ, ಮಧ್ಯೆ ಒಂದು ದಿನ ವಿಶ್ರಮಿಸಬೇಕು. ಸುಲಭವೆನಿಸಿದ ಮೇಲೆ ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಉಸಿರು ಕಟ್ಟಿ ಎತ್ತಕೂಡದು. ಅದರಿಂದ ರಕ್ತದ ಒತ್ತಡವು ಥಟ್ಟನೆ ಏರುವುದು. ಎದೆನೋವು, ತಲೆಸುತ್ತು ಉಳ್ಳವರೂ ಒತ್ತಡವು ಬಹಳವಾಗಿರುವವರೂ ಮೊದಲು ವೈದ್ಯರನ್ನು ಕಾಣತಕ್ಕದ್ದು.

ಕಪ್ಪುವರ್ಣದ ಹೆಣ್ಣೆಂದರೆ ಗಟ್ಟಿಗಿತ್ತಿ, ಎಂತಹ ಹೊರೆಯನ್ನಾದರೂ ಹೊತ್ತಾಳು ಎಂಬ ಮಾತು ಅಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಹೊಗಳಿಕೆಯಂತೆ ತೋರುವ ಈ ಮಾತು ಆಕೆಯ ದಣಿವನ್ನು ಮರೆಮಾಡುವುದು. ಪರರ ಹೊರೆಗಾಗಿಯೇ ವ್ಯಯವಾಗುತ್ತಿದ್ದ ಬಲದಲ್ಲಿ ಒಂದು ಪಾಲನ್ನು ಆಕೆ ತನ್ನ ದೇಹಕ್ಕಾಗಿ ಮೀಸಲಿಡುವುದು ಸ್ವಾರ್ಥವಲ್ಲ. ಅದಕ್ಕೆ ಬೇಕಾದ ಅರ್ಧ ಗಂಟೆಯನ್ನು ಬಿಡಿಸಿಕೊಡುವುದು ಮನೆಮಂದಿಯೆಲ್ಲರ ಕರ್ತವ್ಯ.