ಇಂಕಾ ರಾಜಧಾನಿಯಲ್ಲಿ ಬಡಪ್ರವಾಸಿ

2025ರ ಸೆಪ್ಟೆಂಬರ್ ತಿಂಗಳ ನಡುವೆ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಮಾಚು ಪಿಚು ಎಂಬ ಜಗದ್ವಿಖ್ಯಾತವಾದ ಹಾಳೂರಿಗೆ ಹೋಗುವ ರೈಲುಹಾದಿಯನ್ನು ಅಲ್ಲಿಯ ಜನ ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಉರುಳಿಸಿ ಕಟ್ಟಿಹಾಕಿದರು. ರೈಲುಗಳು ನಿಂತವು. ಸುಮಾರು 1400 ಮಂದಿ ಪ್ರವಾಸಿಗಳನ್ನು ರಾತ್ರೋರಾತ್ರಿ ಸಾಗಿಸಬೇಕಾಯಿತು. ಇನ್ನೂ 900 ಮಂದಿ ಬೆಟ್ಟದ ಬುಡದ ಊರಿನಲ್ಲಿಯೇ ಸಿಕ್ಕಿಕೊಂಡರು. ಜಗಳದ ಮೂಲ ಮೇಲುನೋಟಕ್ಕೆ ಅತ್ಯಲ್ಪವಾದುದು. ಬುಡದ ಊರಿನಿಂದ ಬೆಟ್ಟದ ಮೇಲಕ್ಕೆ ಬಸ್ಸು ಓಡಿಸುವ ಮೂವತ್ತು ವರ್ಷಗಳ ಗುತ್ತಿಗೆ ಆ ತಿಂಗಳು ಮುಗಿದಿತ್ತು. ಮುಂದೆ ಓಡಿಸುವವರು ಯಾರು ಎಂಬುದೇ ವಿವಾದ. ಅರ್ಧ ಗಂಟೆಯ ದಾರಿ; ಹೋಗಿ ಬರುವುದಕ್ಕೆ ಪರದೇಶದವನು ತೆರುವುದು 24 ಡಾಲರು. ಇಷ್ಟನ್ನು ಹೇಳಿದರೆ ಬಂಡೆಗಳು ಏಕೆ ಉರುಳಿದವೆಂಬುದು ಅರ್ಧ ತಿಳಿದಂತೆಯೇ.

ಹೊರಗಿನ ಪತ್ರಿಕೆಗಳು ಇದನ್ನು ಪ್ರವಾಸಿಗಳಿಗಾದ ತೊಂದರೆಯೆಂದು ವರ್ಣಿಸಿದವು. ತೊಂದರೆ ಆದುದು ನಿಜವೇ. ಆದರೆ ಅದೇ ವರ್ಷದ ಜೂನ್ ತಿಂಗಳಲ್ಲಿ, ಮಾಚು ಪಿಚುವಿನ ಹೆಬ್ಬಾಗಿಲೆನಿಸಿದ ಕುಸ್ಕೊ ನಗರದಲ್ಲಿ, ಎಣಿಸಿಟ್ಟ ದುಡ್ಡಿನಲ್ಲಿ ಹನ್ನೆರಡು ದಿನ ಕಳೆದ ನನಗೆ ಬೇರೊಂದು ಮಾತು ಮುಖ್ಯವಾಗಿ ತೋರುತ್ತದೆ. ಆ ನಗರದಲ್ಲಿ ನೋಡತಕ್ಕ ವಸ್ತುಗಳಲ್ಲಿ ಬಹುಪಾಲು ಬಿಟ್ಟಿಯಾಗಿ ಸಿಕ್ಕುತ್ತವೆ, ಬೆಲೆಯಿರುವುದೆಲ್ಲ ಬಾಗಿಲುಗಳಿಗೆ. ಬಾಗಿಲು ಯಾರ ಕೈಯಲ್ಲಿದೆ, ಅಲ್ಲಿ ಬಿದ್ದ ಕಾಸು ಎಲ್ಲಿಗೆ ಹರಿಯುತ್ತದೆ ಎಂಬುದರ ಮೇಲೆಯೇ ಅಲ್ಲಿನ ಜನ ಈಗ ಕಾದಾಡುತ್ತಿದ್ದಾರೆ.

ಕುಸ್ಕೊ ಸಮುದ್ರಮಟ್ಟದಿಂದ 3400 ಮೀಟರು, ಎಂದರೆ ಹನ್ನೊಂದು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿದೆ. ಅಲ್ಲಿಗೆ ಬಂದ ಮೊದಲ ದಿನ ಯಾವ ಶ್ರೀಮಂತನೂ ದುಡ್ಡು ಖರ್ಚು ಮಾಡಲಾರ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ, ತಲೆ ಸಿಡಿಯುತ್ತದೆ. ಕೋಕಾ ಎಲೆಯ ಕಷಾಯವನ್ನು ಗುಟುಕರಿಸುತ್ತ ಸುಮ್ಮನೆ ಚೌಕದಲ್ಲಿ ಕೂತಿರುವುದೊಂದೇ ಮದ್ದು. ಕೂತಲ್ಲಿಯೇ ಚರಿತ್ರೆ ಕಣ್ಣಮುಂದಿದೆಯೆನ್ನುವುದು ಈ ಊರಿನ ವಿಶೇಷ. ಇಂಕಾ ಚಕ್ರವರ್ತಿಗಳ ರಾಜಧಾನಿಯನ್ನು ಸ್ಪೇನಿನವರು 1533ರಲ್ಲಿ ಹೊಕ್ಕರು. ಅರಮನೆಗಳ ಮೇಲ್ಭಾಗವನ್ನು ಕೆಡವಿದರು, ತಳಪಾಯವನ್ನು ಕೆಡವಲಾರದೆ ಅದರ ಮೇಲೆಯೇ ತಮ್ಮ ಚರ್ಚುಗಳನ್ನೂ ಮನೆಗಳನ್ನೂ ಕಟ್ಟಿದರು. ಹೀಗಾಗಿ ಊರಿನ ಪ್ರತಿಯೊಂದು ಬೀದಿಯೂ ಎರಡು ಅಂತಸ್ತಿನ ಪುಸ್ತಕ. ಕೆಳಗೆ ಸುಣ್ಣಗಾರೆಯ ಹಂಗಿಲ್ಲದೆ, ಕೂದಲೆಳೆಯೂ ತೂರದಂತೆ ಬೆಸೆದ ಇಂಕಾ ಕಲ್ಲು. ಮೇಲೆ ಸ್ಪೇನಿನ ಬಿಳಿಗೋಡೆ, ನೀಲಿ ಬಣ್ಣದ ಮರದ ಉಪ್ಪರಿಗೆ. ಚೌಕದಲ್ಲಿಯೇ 1781ರ ಮೇ 18ರಂದು, ಬಂಡೆದ್ದ ಎರಡನೆಯ ತುಪಾಕ್ ಅಮಾರುವನ್ನು ಹೆಂಡತಿಯೊಡನೆ ಘೋರವಾಗಿ ಕೊಲ್ಲಿಸಿದರು. ಇದನ್ನೆಲ್ಲ ನೋಡಲು, ನೆನೆಯಲು ಚೀಟಿ ಬೇಡ.

ಚೌಕದಿಂದ ಐದು ನಿಮಿಷ ನಡೆದರೆ ಆತುನ್ ರುಮಿಯೋಕ್ ಎಂಬ ಓಣಿ. ಇಂಕಾ ರೋಕನ ಅರಮನೆಯದೆಂದು ಹೇಳುವ ಗೋಡೆಯಲ್ಲಿ ಹನ್ನೆರಡು ಮೂಲೆಗಳ ಹಸುರುಛಾಯೆಯ ಕಲ್ಲೊಂದಿದೆ. ಸುತ್ತಲ ಕಲ್ಲುಗಳೆಲ್ಲ ಅದರ ಮೂಲೆಗಳಿಗೆ ಒಗ್ಗಿ ಕೂತಿವೆ. ಯಾರು ಬೇಕಾದರೂ ಹಗಲಿರುಳು ನೋಡಬಹುದಾದ ಈ ಕಲ್ಲಿಗೆ 2025ರ ಫೆಬ್ರವರಿಯಲ್ಲಿ ಒಬ್ಬ ಮನುಷ್ಯ ಸುತ್ತಿಗೆಯಂಥ ಆಯುಧದಿಂದ ಹೊಡೆದು ಹಲವೆಡೆ ಚಕ್ಕೆ ಎಬ್ಬಿಸಿದ. ನಾನು ಹೋದಾಗ ಗಾಯಗಳು ಇನ್ನೂ ಬೆಳ್ಳಗೆ ಕಾಣುತ್ತಿದ್ದವು. ಬಿಟ್ಟಿಯಾದದ್ದಕ್ಕೆ ಕಾವಲಿಲ್ಲ, ಆದ್ದರಿಂದ ಎಲ್ಲಕ್ಕೂ ಬೇಲಿ ಹಾಕಿ ದುಡ್ಡು ವಸೂಲು ಮಾಡಬೇಕು ಎನ್ನುವವರಿಗೆ ಈ ಘಟನೆ ಒಳ್ಳೆಯ ವಾದವಾಗಿ ಒದಗಿದೆ. ನನಗದು ಒಪ್ಪಿಗೆಯಿಲ್ಲ. ಐದು ಶತಮಾನ ಆ ಕಲ್ಲನ್ನು ಉಳಿಸಿದ್ದು ಬೇಲಿಯಲ್ಲ, ಓಣಿಯಲ್ಲಿ ಓಡಾಡುವ ಜನ.

ಓಣಿ ಏರಿದರೆ ಸಾನ್ ಬ್ಲಾಸ್, ಕುಶಲಕರ್ಮಿಗಳ ಕೇರಿ. ಇನ್ನೂ ಏರಿದರೆ ಬೆಟ್ಟದ ನೆತ್ತಿಯಲ್ಲಿ, ತೋಳು ಚಾಚಿ ನಿಂತ ಬಿಳಿಯ ಕ್ರಿಸ್ತನ ವಿಗ್ರಹ. ಕುಸ್ಕೊ ತಮಗೆ ಆಶ್ರಯ ಕೊಟ್ಟಿತೆಂಬ ಕೃತಜ್ಞತೆಯಿಂದ ಪ್ಯಾಲೆಸ್ಟೈನಿನ ಕ್ರೈಸ್ತ ವಲಸೆಗಾರರು 1945ರಲ್ಲಿ ಊರಿಗೆ ಕೊಟ್ಟ ಕಾಣಿಕೆ ಅದು. ಅಲ್ಲಿಂದ ಇಡೀ ನಗರದ ಕೆಂಪು ಹೆಂಚುಗಳು ಬೋಗುಣಿಯಲ್ಲಿ ಸುರಿದಿಟ್ಟಂತೆ ಕಾಣುತ್ತವೆ. ಇಳಿದು ಬಂದು ಕೊರಿಕಾಂಚಾ ಎಂಬ ಸೂರ್ಯದೇಗುಲವನ್ನು ಹೊರಗಿನಿಂದಲೇ ನೋಡಬಹುದು. ಇಂಕಾ ಅರಸ ಅತವಾಲ್ಪನ ಬಿಡುಗಡೆಯ ಹಣಕ್ಕೆಂದು ಅದರ ಗೋಡೆಯ ಚಿನ್ನದ ತಗಡುಗಳನ್ನು ಕಿತ್ತರು. ಮೇಲೆ ದೊಮಿನಿಕನ್ ಸಂನ್ಯಾಸಿಗಳ ಮಠ ಎದ್ದಿತು. 1950ರ ಮೇ 21ರ ಭೂಕಂಪದಲ್ಲಿ ಮಠ ಬಿರಿದು ಒಳಗಿನ ಇಂಕಾ ಗೋಡೆಗಳು ಹೊರಬಿದ್ದವು; ಅವು ಮಾತ್ರ ಅಲುಗಿರಲಿಲ್ಲ. ಒಳಗೆ ಹೋಗಬೇಕಾದರೆ ಚೀಟಿ ಬೇಕು, ಕೊಂಡರೆ ನಷ್ಟವಿಲ್ಲ. ಬಾಗಿದ ಹೊರಗೋಡೆ ಹೆದ್ದಾರಿಯ ತೋಟದಿಂದಲೇ ಕಾಣುತ್ತದೆ.

ಹೊಟ್ಟೆಯ ಮಾತಿಗೆ ಸಾನ್ ಪೆದ್ರೊ ಮಾರುಕಟ್ಟೆಗೆ ಹೋಗಬೇಕು. 1925ರಲ್ಲಿ ತೆರೆದ, ಕಬ್ಬಿಣದ ಕಂಬಗಳ ವಿಶಾಲವಾದ ಕೊಟ್ಟಿಗೆ ಅದು. ಒಂದು ಸಾಲಿನಲ್ಲಿ ನೂರು ಬಗೆಯ ಆಲೂಗಡ್ಡೆ, ಒಂದು ಸಾಲಿನಲ್ಲಿ ಕೋಕಾ ಎಲೆ, ಒಂದು ಸಾಲಿನಲ್ಲಿ ಹಣ್ಣಿನ ರಸ, ಕೊನೆಗೆ ಉದ್ದನೆಯ ಬೆಂಚುಗಳಲ್ಲಿ ಊಟ. ಸಾರು, ಅನ್ನ, ಕುಡಿಯಲು ಏನಾದರೊಂದು ಸೇರಿ ಹತ್ತು ಸೋಲಿನ ಆಚೀಚೆ. ಆಗ ಒಂದು ಸೋಲೆಂದರೆ ನಮ್ಮ ಸುಮಾರು 24 ರೂಪಾಯಿ. ಹಣ್ಣಿನ ರಸ ಕುಡಿದು ಲೋಟ ಕೆಳಗಿಟ್ಟರೆ ಅಂಗಡಿಯಾಕೆ ಜಾರಿನಲ್ಲಿ ಉಳಿದುದನ್ನು ಮತ್ತೆ ಸುರಿಯುತ್ತಾಳೆ. ಇದಕ್ಕೆ ಅವರ ಕೆಚುವಾ ಭಾಷೆಯಲ್ಲಿ ‘ಯಾಪಾ’ ಎಂದು ಹೆಸರು. ಕನ್ನಡಿಗನಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೊಸರು ಅದೇ. ಇಡೀ ಕುಸ್ಕೊದಲ್ಲಿ ಪ್ರವಾಸಿಯ ದುಡ್ಡು ನೇರವಾಗಿ, ನಡುವೆ ದಲ್ಲಾಳಿಯಿಲ್ಲದೆ, ಊರವರ ಕೈ ಸೇರುವ ಸ್ಥಳಗಳಲ್ಲಿ ಈ ಬೆಂಚೂ ಒಂದು.

ಜೂನ್ ತಿಂಗಳಲ್ಲಿ ಹೋದುದು ನನ್ನ ಭಾಗ್ಯ. ಕಾರ್ಪಸ್ ಕ್ರಿಸ್ತಿ ಹಬ್ಬಕ್ಕೆ ಹದಿನೈದು ಸಂತರ, ದೇವಮಾತೆಯರ ವಿಗ್ರಹಗಳು ಕೇರಿಕೇರಿಗಳಿಂದ ಹೊರಟು, ಹೊರುವವರ ಹೆಗಲಮೇಲೆ ತೂಗಾಡುತ್ತ ಚೌಕಕ್ಕೆ ಬರುತ್ತವೆ. ಹಿಂದೆ ಇದೇ ಚೌಕದಲ್ಲಿ ಇಂಕಾ ಅರಸರ ಕೆಡದಂತೆ ಕಾಯ್ದಿಟ್ಟ ದೇಹಗಳ ಮೆರವಣಿಗೆ ನಡೆಯುತ್ತಿತ್ತು. ಹೊರುವವರು ಅವರೇ, ಹೊತ್ತ ದೇವರು ಬೇರೆ ಎನ್ನಬಹುದು. ಜೂನ್ 24ರಂದು ಸೂರ್ಯನ ಹಬ್ಬ, ಇಂತಿ ರಾಯ್ಮಿ. ಸ್ಪೇನಿನವರು ನಿಲ್ಲಿಸಿದ್ದ ಅದನ್ನು 1944ರಲ್ಲಿ ಊರಿನ ವಿದ್ವಾಂಸರೂ ಕಲಾವಿದರೂ ಸೇರಿ ನಾಟಕರೂಪದಲ್ಲಿ ಎಬ್ಬಿಸಿದರು. ಮೊದಲೆರಡು ಅಂಕ ಸೂರ್ಯದೇಗುಲದ ಮುಂದೆಯೂ ಚೌಕದಲ್ಲಿಯೂ ನಡೆಯುತ್ತವೆ, ಎಲ್ಲರಿಗೂ ಮುಕ್ತ. ಮೂರನೆಯದು ಊರ ಮೇಲಿನ ಸಕ್ಸಾಯ್‌ವಾಮನ್ ಕೋಟೆಯಲ್ಲಿ. ಅಲ್ಲಿ ಆಸನಗಳಿಗೆ ಪರದೇಶದವರು ಡಾಲರುಗಳಲ್ಲಿ ತೆರುತ್ತಾರೆ. ನಾನು ಊರವರ ಸಂಗಡ ಎದುರಿನ ಗುಡ್ಡದ ಮೇಲೆ ಕೂತೆ. ಮಣ್ಣಹೆಂಟೆಗಳ ಒಲೆ ಕಟ್ಟಿ ಆಲೂಗಡ್ಡೆ ಸುಡುವ ವಾಸನೆ, ಮಕ್ಕಳ ಗಲಾಟೆ. ಇಂಕನ ವೇಷದವನು ಹೆಬ್ಬೆರಳಿನಷ್ಟು ಕಂಡ. ಆದರೆ ಅವನ ಕೆಚುವಾ ಮಾತು ಕೇಳಿ ನನ್ನ ಪಕ್ಕದ ಮುದುಕಿ ನಗುತ್ತಿದ್ದುದು ಆಸನದವರಿಗೆ ಸಿಕ್ಕಿರಲಾರದು.

ಇನ್ನು ಬಾಗಿಲುಗಳ ವಿಷಯ. ಹದಿನಾರು ಸ್ಥಳಗಳನ್ನು ಒಟ್ಟುಗೂಡಿಸಿದ ಪ್ರವಾಸಿ ಚೀಟಿಯೊಂದನ್ನು ಅಲ್ಲಿ ಮಾರುತ್ತಾರೆ. 2025ರಲ್ಲಿ ಪರದೇಶದವರಿಗೆ 130 ಸೋಲು, ಹತ್ತು ದಿನ ಚಲಾವಣೆ. ಹತ್ತು ದಿನ ಇರುವವನಿಗೆ ಇದು ಅಗ್ಗವೆನ್ನಲೇಬೇಕು. ಆದರೆ ಸಕ್ಸಾಯ್‌ವಾಮನ್ ಒಂದನ್ನೇ ನೋಡುತ್ತೇನೆ, ಅಷ್ಟಕ್ಕೆ ಕೊಡಿ ಎಂದರೆ ಕೊಡರು; ಸುತ್ತಲಿನ ಮೂರರೊಡನೆ ಸೇರಿಸಿ, ಒಂದೇ ದಿನದ ಮಟ್ಟಿಗೆ, 70 ಸೋಲಿನ ಚೀಟಿಯನ್ನೇ ಕೊಳ್ಳಬೇಕು. ಪ್ರಧಾನ ಚರ್ಚಿನ ಒಳಗೆ, ಕ್ರಿಸ್ತನ ಕಡೆಯ ಊಟದ ತಟ್ಟೆಯಲ್ಲಿ ಆಂಡೀಸ್ ಬೆಟ್ಟದ ಗಿನಿಹಂದಿಯನ್ನಿಟ್ಟು ಬರೆದ ಚಿತ್ರವಿದೆ. ಅದಕ್ಕೆ ಬೇರೆ ಚೀಟಿ. ಮಾರಾಸ್ ಎಂಬಲ್ಲಿ ಬೆಟ್ಟದ ಓರೆಯಲ್ಲಿ ಸಾವಿರಾರು ಉಪ್ಪಿನ ಮಡಿಗಳಿವೆ, ಅದಕ್ಕೂ ಬೇರೆ. ಆದರೆ ಆ ಮಡಿಗಳು ಹಳ್ಳಿಯ ಮನೆತನಗಳ ಸ್ವತ್ತು, ಬಾಗಿಲ ದುಡ್ಡೂ ಅವರ ಸಮುದಾಯಕ್ಕೇ ಸಲ್ಲುತ್ತದೆ. ಅಲ್ಲಿ ಕೊಡುವಾಗ ನನ್ನ ಮನಸ್ಸು ಲೆಕ್ಕ ಹಾಕಲಿಲ್ಲ.

ಪರದೇಶದವನಿಗೆ ಹೆಚ್ಚು, ಸ್ವದೇಶಿಗೆ ಕಡಮೆ ಎಂಬ ನ್ಯಾಯವನ್ನು ನಾನು ಆಕ್ಷೇಪಿಸಲಾರೆ. ಹಂಪೆಯ ವಿಠಲ ದೇವಾಲಯದಲ್ಲಿ ನಾವು 40 ರೂಪಾಯಿ ಕೊಟ್ಟು ಒಳಹೋಗುವಾಗ ಪಕ್ಕದ ಸಾಲಿನ ವಿದೇಶೀಯನು 600 ಕೊಡುತ್ತಾನೆ. ಪೆರುವಿನಲ್ಲಿ ನಾನು ಆ ಪಕ್ಕದ ಸಾಲಿನವನು, ಅಷ್ಟೆ. ಮಾಚು ಪಿಚುವಿನ ಪ್ರವೇಶ ವಿದೇಶೀಯನಿಗೆ 152 ಸೋಲು, ಪೆರುವಿನವನಿಗೆ 64, ಕುಸ್ಕೊ ಸೀಮೆಯವನಿಗೆ ಭಾನುವಾರ ಉಚಿತ. ಇದು ಉಚಿತವಾದ ಕ್ರಮವೇ. ತೊಡಕಿರುವುದು ಬಾಗಿಲಲ್ಲಿ ಅಲ್ಲ, ಬಾಗಿಲವರೆಗಿನ ದಾರಿಯಲ್ಲಿ.

ಮಾಚು ಪಿಚುವಿನ ಬುಡದ ಊರಾದ ಆಗ್ವಾಸ್ ಕಾಲಿಯೆಂತೆಸ್‌ಗೆ ಮೋಟಾರು ರಸ್ತೆಯೇ ಇಲ್ಲ. 1999ರಲ್ಲಿ ಸರಕಾರ ರೈಲನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಊರವರಿಗೆಂದು ಕೆಲವೇ ಸೋಲುಗಳ ಗಾಡಿ ಬೇರೆ ಉಂಟು. ಅದರಲ್ಲಿ ವಿದೇಶೀಯನು ಹತ್ತುವಂತಿಲ್ಲ. ವಿದೇಶೀಯನ ಗಾಡಿಗೆ ಹೋಗಿಬರಲು ನೂರು ಡಾಲರನ್ನು ಮೀರುವುದೇ ವಾಡಿಕೆ. ಮೇಲೆ ಬಸ್ಸಿನ 24. ಬಡವನಿಗೆ ಒಂದು ಕಳ್ಳದಾರಿಯಿದೆ: 4300 ಮೀಟರಿನ ಘಾಟಿ ಹತ್ತಿ ಇಳಿದು ವ್ಯಾನಿನಲ್ಲಿ ಆರೇಳು ಗಂಟೆ, ಜಲವಿದ್ಯುತ್ ಕೇಂದ್ರದ ಬಳಿ ಇಳಿದು ಹಳಿಯ ಪಕ್ಕದಲ್ಲಿಯೇ ಹತ್ತು ಹನ್ನೊಂದು ಕಿಲೋಮೀಟರು ನಡಿಗೆ, ಮರುದಿನ ಮುಂಜಾನೆ ಕಲ್ಲುಮೆಟ್ಟಿಲುಗಳಲ್ಲಿ ಒಂದೂವರೆ ಗಂಟೆಯ ಏರು. ನಾನು ಹೋದುದು ಹಾಗೆಯೇ. ಹಳಿಯುದ್ದಕ್ಕೂ ಬಾಳೆ, ನದಿಯ ಭೋರ್ಗರೆತ, ಪ್ರತಿ ತಿರುವಿನಲ್ಲಿ ಕೋಸಂಬರಿಯಂತೆ ಹಣ್ಣು ಹೆಚ್ಚಿಟ್ಟು ಮಾರುವ ಹೆಂಗಸರು. ರೈಲಿನಲ್ಲಿ ಗಾಜಿನ ಮಾಡಿನಡಿ ಕೂತು ಹೋದವರಿಂದ ಆ ಹೆಂಗಸರಿಗೆ ಒಂದು ಕಾಸೂ ಹುಟ್ಟುವುದಿಲ್ಲ.

ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬೇಕೇ ಬೇಕು. ಕಲ್ಲು ಸವೆಯುತ್ತದೆ, ಬೆಟ್ಟ ಕುಸಿಯುತ್ತದೆ. 2024ರಿಂದ ದಿನಕ್ಕೆ 4500, ಕೆಲವು ವಿಶೇಷ ದಿನಗಳಲ್ಲಿ 5600 ಎಂದು ನಿಗದಿಯಾಯಿತು. ಆದರೆ ಆ ಚೀಟಿಗಳನ್ನು ಮಾರುವವರಾರು? 2024ರ ಜನವರಿಯಲ್ಲಿ ಸರಕಾರ ಅಂತರ್ಜಾಲದ ಮಾರಾಟವನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿದಾಗ ಆಗ್ವಾಸ್ ಕಾಲಿಯೆಂತೆಸ್‌ನ ಜನ ಒಂದು ವಾರದಷ್ಟು ಕಾಲ ಮುಷ್ಕರ ಹೂಡಿ ರೈಲು ನಿಲ್ಲಿಸಿದರು; ಸರಕಾರ ಆ ಒಪ್ಪಂದವನ್ನು ಕೈಬಿಡಲು ಒಪ್ಪಿತು. ಈಗ ದಿನಕ್ಕೆ ಸಾವಿರ ಚೀಟಿಗಳನ್ನು ಆ ಊರಿನ ಕಿಟಕಿಯಲ್ಲಿಯೇ ಮುಖತಃ ಮಾರುತ್ತಾರೆ. ಸಾಲಿನಲ್ಲಿ ನಿಂತವನಿಗೆ ಮರುದಿನವೋ ಅದರ ಮರುದಿನವೋ ಸರದಿ ಬರುತ್ತದೆ. ಅಲ್ಲಿಯವರೆಗೆ ಅವನು ಊರಿನಲ್ಲಿ ಮಲಗುತ್ತಾನೆ, ಊರಿನಲ್ಲಿ ಉಣ್ಣುತ್ತಾನೆ. ಬೆಳಗಿನ ರೈಲಿನಲ್ಲಿ ಬಂದು ಸಂಜೆಯ ರೈಲಿಗೆ ಹೋಗುವವನು ಹಾಗಲ್ಲ. ಅಗ್ಗದ ಪ್ರವಾಸಿಯಿಂದ ದೇಶಕ್ಕೇನು ಲಾಭ ಎಂದು ಕೇಳುವ ಮಂತ್ರಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಅವನು ಕೊಡುವುದು ಕಡಮೆಯೇ. ಆದರೆ ಕೊಟ್ಟದ್ದು ಎಲ್ಲಿ ಬೀಳುತ್ತದೆ ಎಂಬುದನ್ನೂ ಎಣಿಸಬೇಕಷ್ಟೆ. ಮಿತಿಯನ್ನು ತಲೆಯೆಣಿಕೆಯಿಂದ ಹಾಕುವುದು ಒಂದು, ಥೈಲಿಯ ತೂಕದಿಂದ ಹಾಕುವುದು ಇನ್ನೊಂದು.

ಸೆಪ್ಟೆಂಬರಿನ ಜಗಳಕ್ಕೆ ಕೆಲವೇ ದಿನಗಳಲ್ಲಿ ತಾತ್ಕಾಲಿಕ ಶಾಂತಿಯೇನೋ ಆಯಿತು. ಆದರೆ ಬಸ್ಸಿಗಿಂತಲೂ ದೊಡ್ಡದಾದ ಬಾಗಿಲೊಂದರ ಕೆಲಸ 2019ರಲ್ಲಿಯೇ ಆರಂಭವಾಗಿದೆ. ಕುಸ್ಕೊದ ಹೊರಗೆ, ಕಣಿವೆಯ ಮೇಲಿನ ಚಿಂಚೆರೊ ಬಯಲಿನಲ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಅಗೆದು ಅಂತರರಾಷ್ಟ್ರೀಯ ವಿಮಾನನಿಲ್ದಾಣವನ್ನು ಕಟ್ಟಿಸಹೊರಟಿದ್ದಾರೆ. ಪುರಾತತ್ತ್ವಜ್ಞರು ಪ್ರತಿಭಟಿಸಿದರು, ಊರವರಲ್ಲಿ ಹೊಲ ಮಾರಿದವರೂ ಕೆಲಸ ಸಿಕ್ಕೀತೆನ್ನುವವರೂ ಬೇಕೆಂದರು, ಅವರ ಆಸೆಯನ್ನು ದೂರದಲ್ಲಿ ಕೂತ ನಾವು ಹಳಿಯುವುದು ಸುಲಭ. ನನ್ನ ಅಂಜಿಕೆ ಭೂಪಟದ ಮೇಲಿನದು. ಚಿಂಚೆರೊದಿಂದ ಮಾಚು ಪಿಚುವಿನ ರೈಲು ಹತ್ತುವ ಒಯಾಂತಾಯ್‌ತಾಂಬೊ ನಿಲ್ದಾಣಕ್ಕೆ ನೇರವಾಗಿ ಇಳಿದುಹೋಗುವ ರಸ್ತೆಯಿದೆ. ಕುಸ್ಕೊ ನಗರವನ್ನು ಹಾಯಬೇಕಾಗಿಯೇ ಇಲ್ಲ.